ಮಾರಾ ನದಿಯ ದಡದಲ್ಲಿ ಒಂದು ಉಪವಾಸ

ಯೆಹೂದ್ಯರ ಮನೆಯಲ್ಲಿ ಗಂಡುಮಗನಿಗೆ 13 ವರ್ಷ ತುಂಬಿತೆಂದರೆ ಧರ್ಮದ ಲೆಕ್ಕದಲ್ಲಿ ಅವನು ದೊಡ್ಡವನಾದನು. ಹೆಣ್ಣುಮಗಳಿಗೆ ಇದು 12ಕ್ಕೇ ಬರುತ್ತದೆ. ಹುಡುಗನಾದರೆ ಇದಕ್ಕೆ 'ಬಾರ್ ಮಿಟ್ಸ್ವಾ' ಎಂದು ಹೆಸರು. ವಿಧಿಗೆ ಒಳಪಟ್ಟ ಮಗ ಎಂದು ಅದರ ಅರ್ಥ. ನಮ್ಮ ಉಪನಯನವನ್ನು ನೆನೆದುಕೊಂಡರೆ ವಾಚಕರಿಗೆ ಅರ್ಧ ತಿಳಿದಂತೆಯೇ. ಉಳಿದರ್ಧ ಬೇರೆ. ಅಲ್ಲಿ ಹೋಮವಿಲ್ಲ, ಜನಿವಾರವಿಲ್ಲ, ಭಿಕ್ಷೆಯಿಲ್ಲ. ಯಾರೂ ಏನನ್ನೂ ಮಾಡದಿದ್ದರೂ, ಆ ವಯಸ್ಸು ಬಂದೊಡನೆ ವಿಧಿನಿಷೇಧಗಳ ಹೊರೆ ತಾನಾಗಿಯೇ ಹುಡುಗನ ಹೆಗಲಿಗೆ ಬೀಳುತ್ತದೆ. ಸಭೆಯಲ್ಲಿ ನಿಂತು ಧರ್ಮಗ್ರಂಥವಾದ ತೋರಾದ ಒಂದು ಭಾಗವನ್ನು ಓದುವುದು ಅದನ್ನು ನಾಲ್ಕು ಜನಕ್ಕೆ ತಿಳಿಸುವ ರೀತಿ, ಅಷ್ಟೆ.

ಅಮೆರಿಕದಲ್ಲಿ ಈ ನಾಲ್ಕು ಜನ ನಾನೂರಾಗುವುದುಂಟು. ಮದುವೆಯಂತೆ ಛತ್ರ ಹಿಡಿದು, ವಾದ್ಯ ತರಿಸಿ, ಊಟ ಹಾಕಿ, ಸಾಲದ ಬಾಯಿಗೆ ಬೀಳುವವರೂ ಇದ್ದಾರೆ. (ಈ ವಿಷಯದಲ್ಲಿ ನಮ್ಮವರು ಅವರಿಗೆ ಬುದ್ಧಿ ಹೇಳುವಂತಿಲ್ಲ.) ಇದಕ್ಕೆ ಬೇಸತ್ತ ಕೆಲವು ಸಂಸಾರಗಳು ಅದೇ ಹಣದಲ್ಲಿ ಮನೆಮಂದಿಯೆಲ್ಲ ಪ್ರವಾಸ ಹೊರಡುತ್ತವೆ. ಜೆರುಸಲೇಮಿಗೆ ಹೋಗುವವರು ಹಲವರು. ಆಫ್ರಿಕದ ಕಾಡಿಗೆ ಬರುವವರು ಕೆಲವರು. ಅಂಥದೊಂದು ಸಂಸಾರ 2024ರ ಜುಲೈ ತಿಂಗಳಿನಲ್ಲಿ ನೈರೋಬಿಗೆ ಬಂದಿತು. ಯಜಮಾನರು ಹಿಂದೆ ಎರಡು ವರ್ಷ ನನ್ನೊಡನೆ ಕೆಲಸ ಮಾಡಿದವರು. ಅವರು, ಅವರ ಪತ್ನಿ, ಹದಿಮೂರರ ಹುಡುಗ, ಒಂಬತ್ತರ ತಂಗಿ, ಮತ್ತು ಎಪ್ಪತ್ತೆಂಟು ದಾಟಿದ ಅಜ್ಜಿ. ನೈರೋಬಿಯಲ್ಲಿ ನೆಲೆಸಿರುವ ನಮ್ಮಿಬ್ಬರನ್ನೂ, ಎಂದರೆ ನನ್ನನ್ನೂ ನನ್ನ ಮನೆಯವರನ್ನೂ, ಜೊತೆಗೆ ಬರಬೇಕೆಂದು ಅವರು ಬಲವಂತ ಮಾಡಿದರು.

ಅಜ್ಜಿಗೆ ಈ ಪ್ರವಾಸ ಹಿಡಿಸಿರಲಿಲ್ಲ. ಬಂದ ದಿನವೇ ಅದು ನಮಗೆ ತಿಳಿಯಿತು. "ಸಿಂಹ ನೋಡುವುದಕ್ಕೆ ದೊಡ್ಡವನಾಗಬೇಕೇನು? ಮೂರು ವರ್ಷದ ಮಗುವೂ ನೋಡೀತು" ಎಂದರು. ಆದ್ದರಿಂದಲೇ ಒಂದು ಒಪ್ಪಂದವಾಗಿತ್ತು: ಶನಿವಾರ ನೈರೋಬಿಯ ಯೆಹೂದ್ಯ ಮಂದಿರದಲ್ಲಿ ಓದು, ಭಾನುವಾರ ಕಾಡಿನ ದಾರಿ. ಆದರೆ ಅಜ್ಜಿಯ ಕೈಯಲ್ಲಿ ಪಂಚಾಂಗವೂ ಇತ್ತು. ಆ ಮಂಗಳವಾರ, ಜುಲೈ 23, ಅವರ ತಮ್ಮುಜ್ ಮಾಸದ 17ನೆಯ ದಿನ. ರೋಮನರು ಜೆರುಸಲೇಮಿನ ಕೋಟೆಗೋಡೆಯನ್ನು ಒಡೆದು ಒಳನುಗ್ಗಿದ ದಿನವೆಂದು ಅವರ ಸಂಪ್ರದಾಯ. ಕ್ರಿ. ಶ. 70ರ ಮಾತು ಅದು. ಅಂದಿನಿಂದ ಮೂರು ವಾರ, ದೇವಾಲಯ ಸುಟ್ಟುಹೋದ ದಿನದವರೆಗೆ, ಶೋಕದ ಕಾಲ; ಮದುವೆಯಿಲ್ಲ, ಸಂಗೀತವಿಲ್ಲ. ಮೊದಲ ದಿನ ಬೆಳಗಿನ ಜಾವದಿಂದ ನಕ್ಷತ್ರ ಕಾಣುವವರೆಗೆ ನಿಟ್ಟುಪವಾಸ. ನೀರೂ ಕೂಡದು. ಮಕ್ಕಳಿಗೆ ಈ ಕಟ್ಟಿಲ್ಲ. ಹದಿಮೂರು ತುಂಬಿದವನಿಗೆ ಉಂಟು.

"ಪ್ರವಾಸದಲ್ಲಿ, ಬಿಸಿಲಿನಲ್ಲಿ, ಅದೆಲ್ಲ ಮುಂದಿನ ವರ್ಷದಿಂದ ಆಗಲಿ" ಎಂದರು ತಾಯಿ. ತಂದೆ ಏನೂ ಹೇಳಲಿಲ್ಲ. ಹುಡುಗ ದುರ್ಬೀನಿನ ಗಾಜನ್ನು ಒರೆಸುತ್ತ ಕುಳಿತಿದ್ದನು.

ಆ ದಿನಗಳಲ್ಲಿ ನೈರೋಬಿ ಕುದಿಯುತ್ತಿದ್ದಿತು. ತೆರಿಗೆಯ ಮಸೂದೆಯನ್ನು ವಿರೋಧಿಸಿ ಜೂನ್ ತಿಂಗಳಲ್ಲಿ ಬೀದಿಗಿಳಿದ ಯುವಜನರು ಜೂನ್ 25ರಂದು ಪಾರ್ಲಿಮೆಂಟಿನ ಒಳಕ್ಕೇ ನುಗ್ಗಿದ್ದರು. ಜುಲೈಯಲ್ಲಿಯೂ ಪ್ರದರ್ಶನಗಳು ನಿಂತಿರಲಿಲ್ಲ. ಶನಿವಾರ ಮಾತ್ರ ರಸ್ತೆಗಳು ಶಾಂತವಾಗಿದ್ದವು. ಅಂದು ಯೆಹೂದ್ಯರು ವಾಹನ ಹತ್ತುವಂತಿಲ್ಲವಾದ್ದರಿಂದ ಮಂದಿರಕ್ಕೆ ನಡೆದೇ ಹೋಗುವಷ್ಟು ಸಮೀಪದಲ್ಲಿ ಇಳಿದುಕೊಂಡಿದ್ದರು. ದಾರಿಯಲ್ಲಿ ನಾರ್ಫೋಕ್ ಹೋಟೆಲಿನ ಕಟ್ಟಡ ಸಿಕ್ಕುತ್ತದೆ. 1904ರಲ್ಲಿ ಆರಂಭವಾದ ಈ ಹೋಟೆಲನ್ನು 1927ರಲ್ಲಿ ಕೊಂಡವರು ಅಬ್ರಹಾಂ ಬ್ಲಾಕ್ ಎಂಬ ಯೆಹೂದ್ಯರು. ಲಿಥುವೇನಿಯದಲ್ಲಿ ಹುಟ್ಟಿ, ದಕ್ಷಿಣ ಆಫ್ರಿಕದ ಮೂಲಕ 1903ರಲ್ಲಿ ಇಲ್ಲಿಗೆ ಬಂದವರು. 1980ರ ಡಿಸೆಂಬರ್ 31ರ ರಾತ್ರಿ ಇಲ್ಲಿ ಬಾಂಬು ಸಿಡಿದು ಹಲವರು ಸತ್ತರು. ಈಗ ಅದರ ಮುಂದೆ ನಿಂತರೆ ಅದಾವುದರ ಗುರುತೂ ತೋರುವುದಿಲ್ಲ.

ನೈರೋಬಿಯ ಯೆಹೂದ್ಯ ಸಭೆ 1904ರಷ್ಟು ಹಳೆಯದು. ಈಗಿರುವ ಮಂದಿರ 1955ರದು. ಉಹುರು ಹೆದ್ದಾರಿಯ ಗದ್ದಲದ ಮಗ್ಗುಲಲ್ಲೇ ಗಿಡಮರಗಳ ನಡುವೆ ಮೌನವಾಗಿ ನಿಂತಿದೆ. ಒಳಗೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಹತ್ತು ಮಂದಿ ವಯಸ್ಕ ಗಂಡಸರು ಸೇರದೆ ಅಲ್ಲಿ ತೋರಾ ಓದುವಂತಿಲ್ಲ. ಚರ್ಮದ ಸುರುಳಿಯಲ್ಲಿ ಕೈಯಿಂದ ಬರೆದ ಹೀಬ್ರೂ ಅಕ್ಷರಗಳಿಗೆ ಸ್ವರದ ಗುರುತಿಲ್ಲ, ರಾಗದ ಗುರುತೂ ಇಲ್ಲ. ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡೇ ಬರಬೇಕು. ಸುರುಳಿಯನ್ನು ಬೆರಳಿನಿಂದ ಮುಟ್ಟದೆ, ತುದಿಯಲ್ಲಿ ಪುಟ್ಟ ಕೈಯಿರುವ ಬೆಳ್ಳಿಯ ಕಡ್ಡಿಯನ್ನು ಸಾಲಿನ ಮೇಲೆ ಆಡಿಸುತ್ತ ಹುಡುಗ ಓದಿದನು. ಧ್ವನಿ ಒಡೆಯುತ್ತಿದ್ದ ವಯಸ್ಸು. ಎರಡು ಕಡೆ ಸ್ವರ ಜಾರಿತು. ಪಕ್ಕದಲ್ಲಿದ್ದ ಹಿರಿಯರು ಮೆಲ್ಲನೆ ಎತ್ತಿಕೊಟ್ಟರು. ನಮ್ಮ ವೇದಪಾಠದ ಮನೆಗಳನ್ನು ಕಂಡವರಿಗೆ ಇದರಲ್ಲಿ ಯಾವುದೂ ಅಪರಿಚಿತವೆನಿಸದು. ಓದು ಮುಗಿದೊಡನೆ ತಂದೆ ಒಂದು ಚಿಕ್ಕ ವಾಕ್ಯವನ್ನು ಹೇಳಿದರು. ಇನ್ನು ಮುಂದೆ ಇವನ ತಪ್ಪಿನ ಭಾರ ತನ್ನದಲ್ಲವೆಂದು ದೇವರಿಗೆ ಅರ್ಪಿಸುವ ಕೃತಜ್ಞತೆಯಂತೆ ಅದು! ಎಲ್ಲರೂ ನಕ್ಕರು. ಹೆಂಗಸರ ಕಡೆಯಿಂದ ಮಿಠಾಯಿಗಳು ಹಾರಿಬಂದವು. ಒಂದು ನೇರವಾಗಿ ಹುಡುಗನ ಹಣೆಗೇ ಬಡಿಯಿತು. ಎಸೆದವರು ಅಜ್ಜಿ.

ಆ ವಾರದ ಪಾಠದ ಕಥೆಯನ್ನು ಇಲ್ಲಿ ಹೇಳಲೇಬೇಕು. ಮೋವಾಬಿನ ದೊರೆ ಬಾಲಾಕನು ಇಸ್ರೇಲರನ್ನು ಶಪಿಸುವುದಕ್ಕಾಗಿ ಬಿಳಾಮನೆಂಬ ದ್ರಷ್ಟಾರನನ್ನು ಕರೆಸುತ್ತಾನೆ. ಬಿಳಾಮನು ತನ್ನ ಕತ್ತೆಯನ್ನೇರಿ ಹೊರಡುತ್ತಾನೆ. ದಾರಿಗೆ ಅಡ್ಡಲಾಗಿ ಕತ್ತಿ ಹಿರಿದ ದೇವದೂತ. ದ್ರಷ್ಟಾರನಿಗೆ ಕಾಣದು, ಕತ್ತೆಗೆ ಕಾಣುತ್ತದೆ! ಮೂರು ಸಲ ಅದು ಹೆದರಿ ಹಿಂಜರಿಯುತ್ತದೆ, ಮೂರು ಸಲವೂ ಪೆಟ್ಟು ತಿನ್ನುತ್ತದೆ. ಕೊನೆಗೆ ಕತ್ತೆಗೆ ಬಾಯಿ ಬಂದು, ಇಷ್ಟು ಕಾಲ ಹೊತ್ತು ತಿರುಗಿದ ತನ್ನಲ್ಲಿ ಇಂಥ ನಡತೆಯನ್ನು ಎಂದಾದರೂ ಕಂಡಿದ್ದೆಯಾ ಎಂದು ಕೇಳುತ್ತದೆ. ಆಮೇಲೆ ಬಿಳಾಮನ ಕಣ್ಣು ತೆರೆಯುತ್ತದೆ. ಶಪಿಸಲು ಬಂದವನು ಬಯಲಿನಲ್ಲಿ ಹಬ್ಬಿದ ಗುಡಾರಗಳನ್ನು ಕಂಡು ಹೊಗಳಿ ಹಿಂದಿರುಗುತ್ತಾನೆ. ಇದರ ಮೇಲೆ ಹುಡುಗ ಐದು ನಿಮಿಷ ಮಾತನಾಡಿದನು. ಕತ್ತೆಗೆ ಮಾತು ಬಂದುದು ತನಗೆ ದೊಡ್ಡದಾಗಿ ತೋರಲಿಲ್ಲವೆಂದೂ, ಕಾಣುವುದೇ ಕಸುಬಾದವನಿಗೆ ಕಾಣದೆ ಹೋದುದು ಹೇಗೆಂಬುದೇ ತನ್ನ ಪ್ರಶ್ನೆಯೆಂದೂ ಹೇಳಿದನು. ಉತ್ತರ ಹೇಳದೆಯೇ ಕುಳಿತುಬಿಟ್ಟನು. ಅದು ನನಗೆ ಬಹಳ ಮೆಚ್ಚಿಗೆಯಾಯಿತು.

ಭಾನುವಾರ ನಸುಕಿನಲ್ಲೇ ಹೊರಟೆವು. ಮಾಸಾಯಿ ಮಾರಾ ನೈರೋಬಿಯಿಂದ ಸುಮಾರು 270 ಕಿಲೋಮೀಟರು. ನಿಂತು ನಿಂತು ಹೋದರೆ ಆರು ಗಂಟೆಯ ಪ್ರಯಾಣ. ಊರು ದಾಟಿ ತಾಸು ಕಳೆಯುವುದರೊಳಗೆ ನೆಲ ಇದ್ದಕ್ಕಿದ್ದಂತೆ ಕಾಲಡಿಯಿಂದ ಕುಸಿದುಹೋಗುತ್ತದೆ. ಇದೇ ಆಫ್ರಿಕದ ಮಹಾ ಬಿರುಕು ಕಣಿವೆ. ಕೆಳಗೆ ಹಳದಿ ಬಯಲು, ದೂರದಲ್ಲಿ ಬಾಯಿ ತೆರೆದ ಲಾಂಗೊನಾಟ್ ಅಗ್ನಿಪರ್ವತ. ಘಟ್ಟದ ಬುಡದಲ್ಲಿ, 1942ರಲ್ಲಿ ಇಟಲಿಯ ಯುದ್ಧಕೈದಿಗಳು ರಸ್ತೆ ಮಾಡುತ್ತ ಕಟ್ಟಿಕೊಂಡ ಅಂಗೈಯಗಲದ ಇಗರ್ಜಿಯಿದೆ. ನಮ್ಮ ಆಗುಂಬೆಯನ್ನು ಕಂಡವರು ಈ ಘಟ್ಟಕ್ಕೆ ಹೆದರಬೇಕಾಗಿಲ್ಲ; ಕಣಿವೆಗೆ ಮಾತ್ರ ಹೋಲಿಕೆ ಹೇಳುವುದು ಕಷ್ಟ.

ಇಲ್ಲಿ ನಿಂತು ಚಹಾ ಕುಡಿಯುತ್ತಿದ್ದಾಗ ತಂದೆ ಮಕ್ಕಳಿಗೆ ಒಂದು ಹಳೆಯ ಕಥೆ ಹೇಳಿದರು. ರಷ್ಯದಲ್ಲಿ ಯೆಹೂದ್ಯರ ಹತ್ಯೆಗಳು ನಡೆಯುತ್ತಿದ್ದ ಕಾಲ. 1903ರಲ್ಲಿ ಬ್ರಿಟಿಷ್ ಮಂತ್ರಿ ಜೋಸೆಫ್ ಚೇಂಬರ್ಲೇನರು ಈ ಸೀಮೆಯಲ್ಲಿ ಅವರಿಗೆ ನೆಲೆ ಕೊಡಬಹುದೆಂದರು. ಥಿಯೊಡೋರ್ ಹರ್ಟ್ಸಲರು ಅದನ್ನು ಬಾಸೆಲ್ ನಗರದ ಮಹಾಸಭೆಯ ಮುಂದಿಟ್ಟಾಗ ರಷ್ಯದ ಪ್ರತಿನಿಧಿಗಳೇ ಎದ್ದುಹೋದರು. 'ಉಗಾಂಡಾ ಯೋಜನೆ' ಎಂದು ಅದಕ್ಕೆ ಹೆಸರು ನಿಂತಿತು. ತೋರಿಸಿದ ನೆಲ ಮಾತ್ರ ಇಂದಿನ ಕೆನ್ಯದ ಉವಾಸಿನ್ ಗಿಶು ಪ್ರಸ್ಥಭೂಮಿ, ಸುಮಾರು 13,000 ಚದರ ಕಿಲೋಮೀಟರು. ಈ ಕಣಿವೆಯ ಆಚೆಗೆ, ವಾಯವ್ಯಕ್ಕೆ. ಮೂವರು ಪರಿಶೀಲಕರು ಬಂದು ನೋಡಿ ಹೋದರು. 1905ರ ಮಹಾಸಭೆ ಬೇಡವೆಂದಿತು. "ಒಪ್ಪಿದ್ದರೆ ನಾವು ಇಲ್ಲಿಯವರೇ ಆಗುತ್ತಿದ್ದೆವೇ?" ಎಂದು ತಂಗಿ ಕೇಳಿದಳು. ನಮ್ಮ ಗಾಡಿಯನ್ನು ನಡೆಸುತ್ತಿದ್ದ ಮಾರ್ಗದರ್ಶಿ ಮಾಸಾಯಿ ಕುಲದವನು, ನಲವತ್ತರ ಆಸುಪಾಸಿನವನು. ಅವನು ಮುಖ ತಿರುಗಿಸದೆ, "ಆ ಹೆಸರು ನಮ್ಮವರದು. ಉವಾಸಿನ್ ಗಿಶು ಎಂಬುದು ಮಾಸಾಯಿಗಳ ಒಂದು ಪಂಗಡ" ಎಂದಷ್ಟೇ ಹೇಳಿದನು. ಚಹಾ ಮುಗಿಯುವವರೆಗೆ ಯಾರೂ ಮಾತನಾಡಲಿಲ್ಲ.

ಮೀಸಲು ಅರಣ್ಯದ ಬಾಗಿಲಲ್ಲಿ ಒಂದು ತಮಾಷೆ ನಡೆಯಿತು. ಆ ವರ್ಷ ಜುಲೈಯಿಂದ ಪರದೇಶದವರಿಗೆ ಪ್ರವೇಶಶುಲ್ಕ ದಿನವೊಂದಕ್ಕೆ 200 ಡಾಲರಿಗೇರಿತ್ತು. 17 ವರ್ಷದವರೆಗಿನ ಮಕ್ಕಳಿಗೆ 50. ಹುಡುಗನನ್ನು ತೋರಿಸಿ ತಂದೆ, "ಇವನು ನಿನ್ನೆಯಿಂದ ದೊಡ್ಡವನು" ಎಂದರು. ಗುಮಾಸ್ತೆ ರಹದಾರಿಯನ್ನು ನೋಡಿ, "ಮಾರಾದಲ್ಲಿ ಇನ್ನೂ ಮಗು" ಎಂದು 50ರ ಚೀಟಿ ಹರಿದುಕೊಟ್ಟಳು. ಮೋಶೆಯ ಕಾನೂನಿಗಿಂತ ಈ ಕಾನೂನು ಕಿಸೆಗೆ ಹಗುರವೆಂದು ಅಜ್ಜಿಯೂ ಒಪ್ಪಿಕೊಂಡರು.

ಊಟದ ಏರ್ಪಾಡು ಇನ್ನೂ ಸ್ವಾರಸ್ಯದ್ದು. ಅಜ್ಜಿಯ ಆಚಾರ ನಮ್ಮ ಮಡಿಗೆ ಎಲ್ಲ ವಿಧದಲ್ಲೂ ಸಾಟಿ. ಪರರ ಪಾತ್ರೆ ಕೂಡದು; ಮಾಂಸಕ್ಕೂ ಹಾಲಿಗೂ ಸೋಂಕು ಕೂಡದು; ಅಡಿಗೆಯ ಬೆಂಕಿಯನ್ನು ಯೆಹೂದ್ಯರೊಬ್ಬರು ಹಚ್ಚಿರಬೇಕು. ಸಸ್ಯಾಹಾರಿಗಳಾದ ನಮ್ಮಿಂದ ಅರ್ಧ ತೊಡಕು ಬಗೆಹರಿಯಿತು. ಹೊಸ ಪಾತ್ರೆಗಳು ಬಂದವು. ಬಿಡಾರದವರು ಬೇರೆ ಒಲೆಯನ್ನೇ ಬಿಟ್ಟುಕೊಟ್ಟರು. ಒಲೆ ಹಚ್ಚುವುದು ಅಜ್ಜಿಯ ಕೆಲಸ, ಕೈಯಾಡಿಸುವುದು ನನ್ನವಳ ಕೆಲಸ. ಎರಡನೆಯ ದಿನಕ್ಕೆ ಚಿತ್ರಾನ್ನಕ್ಕೆ ಹುಳಿ ಸಾಲದೆಂದು ಹೇಳುವಷ್ಟು ಸಲಿಗೆ ಅಜ್ಜಿಗೆ ಬಂದಿತ್ತು.

ಮಾರಾ ಎಂದರೆ ಮಾಸಾಯಿಗಳ ಮಾಆ ನುಡಿಯಲ್ಲಿ ಚುಕ್ಕೆಚುಕ್ಕೆಯಾದದ್ದು ಎಂದು ಅರ್ಥ. ಬಯಲಿನ ತುಂಬ ಅಲ್ಲಲ್ಲಿ ಒಂಟಿ ಮರ, ಪೊದೆ, ಮೋಡದ ನೆರಳು, ಹೆಸರು ಸರಿಯಾಗಿದೆ. 1,510 ಚದರ ಕಿಲೋಮೀಟರಿನ ಈ ಮೀಸಲು ಭೂಮಿಯ ದಕ್ಷಿಣಕ್ಕೆ ಬೇಲಿಯೇ ಇಲ್ಲದೆ ಟಾಂಜಾನಿಯದ ಸೆರೆಂಗೆಟಿ ಸೇರಿಕೊಳ್ಳುತ್ತದೆ. ಜುಲೈಯಲ್ಲಿ ಅಲ್ಲಿಂದ ವಿಲ್ಡೆಬೀಸ್ಟ್ ಮೃಗಗಳು ಹುಲ್ಲನ್ನರಸಿ ಬರುತ್ತವೆ. ಎತ್ತಿನ ಕೊಂಬು, ಕುದುರೆಯ ಬಾಲ, ಹೋತದ ಗಡ್ಡ; ಬ್ರಹ್ಮನು ಉಳಿದ ಚೂರುಪಾರುಗಳನ್ನು ಕೂಡಿಸಿ ಮಾಡಿದಂತಿರುವ ಪ್ರಾಣಿ. ಇವು ಹದಿಮೂರು ಲಕ್ಷವೆಂಬುದು ಬಹುಕಾಲದಿಂದ ಬಂದ ಲೆಕ್ಕ. ಉಪಗ್ರಹದ ಚಿತ್ರಗಳಿಂದ ಎಣಿಸಿ 2025ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆರು ಲಕ್ಷಕ್ಕೂ ಕಡಮೆಯೆಂದಿತು. ಎಣಿಕೆಯ ಕ್ರಮ ಬದಲಾದುದೋ, ಮೃಗಗಳೇ ಕಡಮೆಯಾದುವೋ, ವಿದ್ವಾಂಸರ ಚರ್ಚೆ ಅದು. ನಮ್ಮ ಕಣ್ಣಿಗೆ ಸೋಮವಾರ ಬೆಳಿಗ್ಗೆ ಬಿದ್ದುದು ದಿಗಂತದವರೆಗೆ ಹರಿದ ಕಪ್ಪು ಸಾಲು, ನಡುನಡುವೆ ಜೀಬ್ರಾಗಳು.

"ಪುಂಡಾ ಮಿಲಿಯಾ" ಎಂದನು ಮಾರ್ಗದರ್ಶಿ. ಸ್ವಾಹಿಲಿಯಲ್ಲಿ ಜೀಬ್ರಾಕ್ಕೆ ಅದೇ ಹೆಸರು: ಪಟ್ಟೆಯ ಕತ್ತೆ. ಹುಡುಗ ದುರ್ಬೀನನ್ನು ಕೆಳಗಿಳಿಸಿ ಅಜ್ಜಿಯ ಮುಖ ನೋಡಿದನು. ಅಜ್ಜಿ, "ನೋಡು, ನಿನ್ನ ಪಾಠ ಅಂಗಿ ತೊಟ್ಟು ಬಂದಿದೆ" ಎಂದರು. ಸಿಂಹಗಳನ್ನೂ ಕಂಡೆವು, ಹೊಟ್ಟೆ ತುಂಬಿ ಮಲಗಿದ್ದವು. ಸಿಂಹದ ವಿಷಯದಲ್ಲಿ ಹೆಚ್ಚು ಬರೆಯುವಂಥದೇನೂ ನಡೆಯಲಿಲ್ಲ.

ಆ ಸಂಜೆ ಬೆಂಕಿಯ ಮುಂದೆ ಮಾರ್ಗದರ್ಶಿ ತನ್ನ ಪ್ರಾಯಪ್ರವೇಶದ ಮಾತೆತ್ತಿದನು. ಮಾಸಾಯಿ ಹುಡುಗ ಸುನ್ನತಿಯ ಕತ್ತಿಗೆ ಕಣ್ಣು ಮಿಟುಕಿಸುವಂತಿಲ್ಲ. ಮಿಟುಕಿಸಿದರೆ ಮನೆತನಕ್ಕೇ ಅವಮಾನ. ಆಮೇಲೆ ಮೊರಾನ್, ಎಂದರೆ ಯೋಧನಾಗಿ ವರ್ಷಗಟ್ಟಲೆ ಜೊತೆಗಾರರೊಡನೆ ಬಾಳಬೇಕು. ಭರ್ಜಿಯಿಂದ ಸಿಂಹವನ್ನು ಕೊಲ್ಲುತ್ತಿದ್ದ ಕಾಲ ಹೋಯಿತು. ಈಗ ಅದು ಅಪರಾಧ. ಇಷ್ಟು ಹೇಳಿ, "ನೀನು ಏನು ಮಾಡಿದೆ?" ಎಂದು ಹುಡುಗನನ್ನು ಕೇಳಿದನು. "ನಾನು ಓದಿದೆ." "ಅಷ್ಟೆಯೆ?" ಹುಡುಗ ಸ್ವಲ್ಪ ಹೊತ್ತು ಬೆಂಕಿಯನ್ನೇ ನೋಡುತ್ತಿದ್ದು, "ಸದ್ಯಕ್ಕೆ ಅಷ್ಟೆ" ಎಂದನು. ತಾಯಿಗೆ ಈ ಸಂಭಾಷಣೆ ರುಚಿಸಲಿಲ್ಲವೆಂದು ತೋರುತ್ತದೆ. ಮಕ್ಕಳನ್ನು ಬೇಗ ಮಲಗಲು ಕಳುಹಿಸಿದರು.

ಬಿಡಾರದ ರಾತ್ರಿ ಕಾವಲುಗಾರನನ್ನು ಹುಡುಗ ಗುಟ್ಟಾಗಿ ಕಂಡು, ನಾಲ್ಕೂವರೆಗೆ ತನ್ನನ್ನು ಎಬ್ಬಿಸಬೇಕೆಂದು ಹೇಳಿದ್ದನಂತೆ. ಕತ್ತಲಲ್ಲಿ ಲಾಂದ್ರದ ಹಿಂದೆ ಊಟದ ಗುಡಾರಕ್ಕೆ ಬಂದರೆ, ಅಜ್ಜಿ ಆಗಲೇ ಅಲ್ಲಿ ಕುಳಿತು ಬಾಳೆಹಣ್ಣು ಸುಲಿಯುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಏನೂ ಕೇಳಲಿಲ್ಲವಂತೆ. ಮೂರು ಹಣ್ಣು, ಮೂರು ಲೋಟ ನೀರು. ನನ್ನವಳಿಗೆ ಇದನ್ನು ಅಜ್ಜಿಯೇ ಆಮೇಲೆ ಹೇಳಿದ್ದು. ಬೆಳಗಿನ ತಿಂಡಿಗೆ ಹುಡುಗ ತಟ್ಟೆ ಮುಟ್ಟದಿದ್ದಾಗಲೇ ತಾಯಿಗೆ ಗೊತ್ತಾದದ್ದು. ಅವರ ಮುಖ ಕೆಂಪೇರಿತು. ಅತ್ತೆಯ ಕಡೆ ತಿರುಗಿ, "ನೀವು ಹೇಳಿದಿರಾ?" ಎಂದರು. "ನಾನು ಇವನಿಗೆ ಹಣ್ಣು ಕೊಟ್ಟೆ" ಎಂದರು ಅಜ್ಜಿ. ತಂದೆ ನಡುವೆ ಬಂದು, "ತಲೆ ಸುತ್ತಿದರೆ ಕೂಡಲೇ ನೀರು ಕುಡಿಯಬೇಕು, ಅದೂ ವಿಧಿಯೇ" ಎಂದು ಮಗನಿಂದ ಮಾತು ತೆಗೆದುಕೊಂಡರು. ತಾಯಿ ನೀರಿನ ಬಾಟಲಿಯನ್ನು ತಮ್ಮ ಮಡಿಲಲ್ಲೇ ಇಟ್ಟುಕೊಂಡು ಗಾಡಿ ಹತ್ತಿದರು. ದಿನವಿಡೀ ಅದು ಅಲ್ಲೇ ಇತ್ತು.

ಹನ್ನೊಂದರ ಹೊತ್ತಿಗೆ ಮಾರಾ ನದಿಯ ದಡ ಸೇರಿದೆವು. ಎತ್ತರದ ಪ್ರದೇಶವಾದ್ದರಿಂದ ಗಾಳಿ ತಂಪು, ಬಿಸಿಲು ಮಾತ್ರ ಚುರುಕು. ಎದುರು ದಡದಲ್ಲಿ ಸಾವಿರಾರು ವಿಲ್ಡೆಬೀಸ್ಟ್‌ಗಳು ಒತ್ತೊತ್ತಾಗಿ ಸೇರಿ, ನೀರಿನವರೆಗೆ ಇಳಿಯುವುದು, ಏನೋ ಕಂಡಂತೆ ಬೆದರಿ ಧೂಳೆಬ್ಬಿಸುತ್ತ ಮೇಲಕ್ಕೋಡುವುದು. ಈಚೆ ನಮ್ಮಂತೆಯೇ ಕಾದ ಗಾಡಿಗಳು ಮೂವತ್ತಕ್ಕೆ ಕಡಮೆಯಿರಲಿಲ್ಲ. ಗಂಟೆ ಒಂದಾಯಿತು, ಎರಡಾಯಿತು. ಮಾರ್ಗದರ್ಶಿ ಎಲ್ಲರಿಗೂ ನೀರು ಕೊಡುತ್ತ ಹುಡುಗನ ಬಳಿಗೂ ಬಂದನು. ಹುಡುಗ ಬೇಡವೆಂದನು. ಕಾರಣ ಕೇಳಿದ್ದಕ್ಕೆ ಒಡೆದ ಗೋಡೆಯ ಕಥೆಯನ್ನು ಹೇಳಿದನು. "ಯಾವಾಗ ಒಡೆದದ್ದು?" "ಸಾವಿರದ ಒಂಬೈನೂರ ಐವತ್ತು ವರ್ಷದ ಹಿಂದೆ." ಮಾರ್ಗದರ್ಶಿ ತುಟಿಯಿಂದ ಒಂದು ಶಬ್ದ ಮಾಡಿದನು.

ಬಳಿಕ ತನ್ನವರ ಕಥೆಯನ್ನು ಅವನು ಹೇಳಿದನು. 1904ರಲ್ಲಿ ಒಂದು ಒಪ್ಪಂದದ ಹೆಸರಿನಲ್ಲಿ ಬಿರುಕು ಕಣಿವೆಯ ಹುಲ್ಲುಗಾವಲು ಮಾಸಾಯಿಗಳ ಕೈಬಿಟ್ಟಿತು. ಉತ್ತರದ ಲೈಕಿಪಿಯಾ ಎಂದೆಂದಿಗೂ ನಿಮ್ಮದೆಂದರು. 1911ರಲ್ಲಿ ಇನ್ನೊಂದು ಒಪ್ಪಂದ. ಅಲ್ಲಿಂದಲೂ ದನಕರುಗಳೊಡನೆ ದಕ್ಷಿಣಕ್ಕೆ ನಡೆ ಎಂದರು. 1913ರಲ್ಲಿ ನ್ಯಾಯಸ್ಥಾನದ ಮೆಟ್ಟಿಲು ಹತ್ತಿದರೆ, ಇದು ವಿಚಾರಣೆಗೆ ಬರುವ ವ್ಯಾಜ್ಯವೇ ಅಲ್ಲವೆಂದು ತಳ್ಳಿಹಾಕಿದರು. ತನ್ನ ಮುತ್ತಾತ ಆ ನಡಿಗೆಯಲ್ಲಿ ಬಂದವನು; ದಾರಿಯಲ್ಲಿ ಸತ್ತ ಹಸುಗಳ ಹೆಸರನ್ನು ಅವರ ಮನೆಯಲ್ಲಿ ಇಂದೂ ಹೇಳುತ್ತಾರಂತೆ. "ಉಪವಾಸ ಮಾಡುತ್ತೀರಾ?" ಎಂದು ಹುಡುಗ ಕೇಳಿದನು. "ಇಲ್ಲ, ಹೆಸರು ಹೇಳುತ್ತೇವೆ" ಎಂದನು ಅವನು.

ಎರಡೂವರೆಯ ಹೊತ್ತಿಗೆ ಎದುರು ದಡದಲ್ಲಿ ಒಂದು ಜೀಬ್ರಾ ಗುಂಪಿನಿಂದ ಬೇರೆಯಾಗಿ ನೀರಿಗಿಳಿಯಿತು. ಗಾಡಿಗಳೆಲ್ಲ ಗುಡುಗಿದವು, ಇದೇ ಸಮಯವೆಂದು ಎಲ್ಲರಿಗೂ ಅನ್ನಿಸಿತು. ಮೊಣಕಾಲುದ್ದದ ನೀರಿನಲ್ಲಿ ಅದು ನಿಂತಿತು. ಕಿವಿ ನಿಮಿರಿಸಿತು. ಹಿಂದಕ್ಕೆ ಸರಿಯಿತು. ಮತ್ತೊಮ್ಮೆ ಇಳಿದು ಮತ್ತೆ ಸರಿಯಿತು. ಪಕ್ಕದ ಗಾಡಿಯೊಂದರಲ್ಲಿ ಯಾರೋ ತಾಳ್ಮೆಗೆಟ್ಟು ಬಾಗಿಲನ್ನು ದಪದಪ ಬಡಿದು, ಆ ಪ್ರಾಣಿಯನ್ನು ಬೈದರು. ನಮ್ಮ ಹುಡುಗ ಮೆಲ್ಲನೆ, "ಇನ್ನೊಂದು ಸಲ" ಎಂದನು. ಮೂರನೆಯ ಸಲವೂ ಇಳಿದು, ಮೂಗಿನಿಂದ ಬುಸುಗುಟ್ಟಿ, ಒಮ್ಮೆಗೇ ಹಿಂದಿರುಗಿ ದಡ ಹತ್ತಿಬಿಟ್ಟಿತು. ಹಿಂಡೆಲ್ಲ ಅದರ ಬೆನ್ನಿಗೆ. ಮಾರ್ಗದರ್ಶಿ ಬೆರಳು ಚಾಚಿದ ಕಡೆ ದುರ್ಬೀನು ಹಿಡಿದರೆ, ನಾವು ಬಂದಾಗಿನಿಂದ ಕೊರಡೆಂದು ತಿಳಿದಿದ್ದುದಕ್ಕೆ ಕಣ್ಣಿತ್ತು. ನಾಲ್ಕು ಮಾರುದ್ದದ ಮೊಸಳೆ.

ಅಜ್ಜಿ ನಕ್ಕ ನಗೆಗೆ ಕೆಮ್ಮು ಬಂದಿತು. ಹುಡುಗನೂ ನಕ್ಕನು, ಒಣಗಿದ ತುಟಿ ಬಿರಿದು ಒಂದು ಹನಿ ರಕ್ತ ಕಾಣಿಸಿತು. ತಾಯಿ ಬಾಟಲಿಯ ಮುಚ್ಚಳ ತೆಗೆದು ತಮ್ಮ ಕರವಸ್ತ್ರವನ್ನು ಒದ್ದೆ ಮಾಡಿ, ಅವನ ತುಟಿಯನ್ನೊರೆಸಿ, ಮುಚ್ಚಳ ಹಾಕಿದರು. ಕುಡಿ ಎನ್ನಲಿಲ್ಲ.

ದಾಟುವಿಕೆಯನ್ನು ನೋಡದೆಯೇ ಬಿಡಾರಕ್ಕೆ ಹಿಂದಿರುಗಿದೆವು. ಸಮಭಾಜಕದ ನಾಡಿನಲ್ಲಿ ಸಂಜೆಯೆಂಬುದು ಬಹಳ ಹೊತ್ತು ನಿಲ್ಲುವುದಿಲ್ಲ. ಆರೂಮುಕ್ಕಾಲಿಗೆ ಸೂರ್ಯ ಮುಳುಗಿದನು. ಎರಡು ದಿನದ ಹಿಂದಷ್ಟೇ ಹುಣ್ಣಿಮೆ ಕಳೆದಿದ್ದರಿಂದ ಚಂದ್ರ ಇನ್ನೂ ಮೂಡಿರಲಿಲ್ಲ. ಮೂರು ನಕ್ಷತ್ರ ಕಾಣಬೇಕು. ತಂಗಿಯೇ ಮೂರನ್ನೂ ಹುಡುಕಿ ಕೂಗಿದವಳು. ಮಾರ್ಗದರ್ಶಿ ಒಂದು ಲೋಟ ನೀರನ್ನು ಎರಡು ಕೈಯಲ್ಲೂ ಹಿಡಿದು ತಂದನು. ಹುಡುಗ ಅದನ್ನು ಮೊದಲು ಅಜ್ಜಿಗೆ ಕೊಟ್ಟನು. ಔಷಧಿ ತೆಗೆದುಕೊಳ್ಳುವವರಾದ್ದರಿಂದ ಅಜ್ಜಿ ಮಧ್ಯಾಹ್ನವೇ ಉಪವಾಸ ಮುರಿದಿದ್ದರು. ಹಾಗೆಂದು ಹೇಳದೆ, ಒಂದು ಗುಟುಕು ಕುಡಿದು ಅವನಿಗೆ ಮರಳಿಸಿದರು. ಆಮೇಲೆ ನನ್ನವಳು ಮಾಡಿದ ಚಿತ್ರಾನ್ನವನ್ನು ಹುಡುಗ ಮೂರು ಸಲ ಹಾಕಿಸಿಕೊಂಡನು. ಅಂದು ಹುಳಿ ಸರಿಯಾಗಿತ್ತಂತೆ.

ಎಂಟೂವರೆಯ ಸುಮಾರಿಗೆ ಸಮೀಪದಲ್ಲೇ ಸಿಂಹ ಗರ್ಜಿಸಿತು. ಬಂದುದಕ್ಕೆ ಸಾರ್ಥಕವೆನ್ನುವಂಥ ಗರ್ಜನೆ. ಗುಡಾರದ ಬಟ್ಟೆಯೇ ನಡುಗಿತು. ಹುಡುಗ ಕುರ್ಚಿಯಲ್ಲೇ ನಿದ್ರೆಹೋಗಿದ್ದನು. ಎಬ್ಬಿಸಬೇಕೆಂದು ತಂದೆ ಕೈ ಚಾಚಿದರು. ತಾಯಿ ಬೇಡವೆಂದು ಸನ್ನೆ ಮಾಡಿ, ತಮ್ಮ ಶಾಲನ್ನು ತೆಗೆದು ಅವನ ಮೇಲೆ ಹೊದಿಸಿದರು.